ಹೂವು ಸಿಕ್ಕಿಸದವನ ಹೆಸರು

2018ರ ಅಕ್ಟೋಬರ್ ಕೊನೆಯ ವಾರ. ಬರ್ಮಿಂಗ್‌ಹ್ಯಾಮಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿಯ ಬಾಗಿಲ ಬಳಿಯ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಬಂದು ಕೂತಿತು. ಪಕ್ಕದಲ್ಲಿ ಕಾಸು ಹಾಕುವ ಡಬ್ಬಿ, ಒಂದಿಷ್ಟು ಗುಂಡುಸೂಜಿ. ಪೆಟ್ಟಿಗೆಯ ತುಂಬ ಕೆಂಪು ಕಾಗದದ ಹೂವುಗಳು. ಎರಡೇ ಎಸಳು, ಒಂದು ಹಸಿರು ಎಲೆ, ನಡುವೆ ಕಪ್ಪು ಗುಂಡಿ, ಹಿಂದೆ ಪ್ಲಾಸ್ಟಿಕ್ ಕಡ್ಡಿ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಕಚೇರಿಯ ಎದೆಯ ಮೇಲೆ ಹೂವು ಅರಳಿತ್ತು.

ಎರಡು ದಿನ ನಾನು ಆ ಮೇಜನ್ನು ದಾಟಿಕೊಂಡು ಓಡಾಡಿದೆ. ವಿರೋಧವೇನೂ ಇರಲಿಲ್ಲ, ನನಗೂ ಅದಕ್ಕೂ ಏನು ಸಂಬಂಧ ಎಂಬ ಸೋಮಾರಿತನ ಅಷ್ಟೇ. ಮೂರನೆಯ ದಿನ ಲಿಫ್ಟಿನಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಸಿಕ್ಕರು. ಒಳ್ಳೆಯ ಮನುಷ್ಯ. ನಾನು ಆ ಊರಿಗೆ ಹೋದ ಹೊಸತರಲ್ಲಿ ಮನೆ ಹುಡುಕಲು ನೆರವಾದವರು. ಹವಾಮಾನದ ಬಗ್ಗೆ ಮಾತಾಡುತ್ತಲೇ ಅವರ ಕಣ್ಣು ನನ್ನ ಮುಖದಿಂದ ಜಾರಿ ಕೋಟಿನ ಎಡಭಾಗಕ್ಕೆ ಬಂದು, ಅಲ್ಲಿ ಒಂದು ಗಳಿಗೆ ನಿಂತು, ಮತ್ತೆ ಮೇಲಕ್ಕೆ ಹೋಯಿತು. ಒಂದು ಮಾತೂ ಆಡಲಿಲ್ಲ. ನಾನು ಕೆಳಗಿಳಿದು ಹೋಗಿ ಡಬ್ಬಿಗೆ ಒಂದು ಪೌಂಡ್ ಹಾಕಿ ಹೂವು ತೆಗೆದುಕೊಂಡೆ. ಗುಂಡುಸೂಜಿ ಬೆರಳಿಗೆ ಚುಚ್ಚಿತು. ಹೂವು ಎದೆಯ ಮೇಲೆ ನಿಂತ ಮೇಲೆ ಯಾವ ಯುದ್ಧವೂ ನೆನಪಾಗಲಿಲ್ಲ, ಸತ್ತ ಯಾವ ಸೈನಿಕನೂ ನೆನಪಾಗಲಿಲ್ಲ. ಸದ್ಯ, ಇನ್ನು ಯಾರೂ ನೋಡುವುದಿಲ್ಲ ಎನ್ನಿಸಿತು.

ಈ ಹೂವಿಗೆ ಇಂಗ್ಲಿಷಿನಲ್ಲಿ ಪಾಪಿ ಎನ್ನುತ್ತಾರೆ. ಅದನ್ನು ಹಾಕಿಕೊಳ್ಳದವನು ಅಲ್ಲಿ ಕನ್ನಡದ ಪಾಪಿಯಾಗುತ್ತಾನೆ ಎಂಬ ಚೇಷ್ಟೆ ಆ ದಿನಗಳಲ್ಲಿ ನನ್ನ ತಲೆಯಲ್ಲಿ ಸುಳಿಯುತ್ತಿತ್ತು. ಹೇಳಿಕೊಳ್ಳಲು ಸುತ್ತ ಕನ್ನಡದವರು ಯಾರೂ ಇರಲಿಲ್ಲ.

ಹೂವಿನ ಕತೆ ಮಾತ್ರ ತಮಾಷೆಯದಲ್ಲ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂ ಮತ್ತು ಫ್ರಾನ್ಸಿನ ಹೊಲಗಳನ್ನು ನೇಗಿಲಿನ ಬದಲು ಫಿರಂಗಿಗಳು ಉತ್ತವು. ಮಣ್ಣು ಮಗುಚಿದಾಗ, ಒಳಗೆ ಮಲಗಿದ್ದ ಬೀಜಗಳಿಗೆ ಬೆಳಕು ತಾಗಿ ಗೋರಿಗಳ ನಡುವೆ ಕೆಂಪು ಹೂವುಗಳು ಎದ್ದವು. ನಮ್ಮ ಗಸಗಸೆ ಗಿಡದ ಹತ್ತಿರದ ನೆಂಟ ಅದು. 1915ರಲ್ಲಿ ಕೆನಡಾದ ಸೇನಾ ವೈದ್ಯರೊಬ್ಬರು ಆ ಹೂವುಗಳ ಮೇಲೆ ಪದ್ಯ ಬರೆದರು. 1921ರಲ್ಲಿ ಬ್ರಿಟಿಷ್ ಲೀಜನ್ ಎಂಬ ಮಾಜಿ ಸೈನಿಕರ ಸಂಸ್ಥೆ ಹೂವು ಮಾರಿ ಹಣ ಕೂಡಿಸಲು ಶುರುಮಾಡಿತು. ಮರುವರ್ಷವೇ ಯುದ್ಧದಲ್ಲಿ ಅಂಗವಿಕಲರಾದವರನ್ನು ಕೂರಿಸಿ ಹೂವು ಮಾಡಿಸುವ ಕಾರ್ಖಾನೆ ಆರಂಭವಾಯಿತು. ಕೈಕಾಲು ಕಳೆದುಕೊಂಡವರು ಮಾಡಿದ ಹೂವು, ಮಗನನ್ನು ಕಳೆದುಕೊಂಡವರು ಸಿಕ್ಕಿಸಿಕೊಂಡ ಹೂವು. ಬಹಳ ಕಾಲ ಆ ಕಪ್ಪು ಗುಂಡಿಯ ಮೇಲೆ ಹೇಗ್ ಎಂಬ ಸೇನಾಪತಿಯ ಹೆಸರಿನ ನಿಧಿಯ ಗುರುತು ಇತ್ತು. ಸೋಮ್ ಕದನದಲ್ಲಿ ಲಕ್ಷಾಂತರ ಹುಡುಗರನ್ನು ಮುಂದಕ್ಕೆ ಕಳಿಸಿದಾತ ಆ ಹೇಗ್. ಅದು ಹಲವರಿಗೆ ನುಂಗಲಾರದ ತುತ್ತಾಗಿತ್ತು. 1933ರಲ್ಲಿ ಸಹಕಾರಿ ಮಹಿಳಾ ಸಂಘದವರು ಬಿಳಿಯ ಹೂವು ತಂದರು. ಸತ್ತವರನ್ನು ನೆನೆಯುತ್ತೇವೆ, ಯುದ್ಧವನ್ನು ಒಪ್ಪುವುದಿಲ್ಲ ಎನ್ನುವುದಕ್ಕೆ. ಅಂದರೆ ಯಾವ ಹೂವು, ಯಾರಿಗಾಗಿ ಎಂಬ ಜಗಳ ಇವತ್ತಿನದಲ್ಲ.

ನಾನು ಹೂವು ಸಿಕ್ಕಿಸಿಕೊಂಡ ಅದೇ ವಾರ, ನವೆಂಬರ್ 3ರ ಶನಿವಾರ, ಬರ್ಮಿಂಗ್‌ಹ್ಯಾಮಿನಿಂದ ಗಂಟೆಯೊಳಗಿನ ರೈಲು ದಾರಿಯ ಸ್ಟೋಕ್‌ನಲ್ಲಿ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಸ್ಟೋಕ್ ಸಿಟಿ ಮತ್ತು ಮಿಡಲ್ಸ್‌ಬರೊ ನಡುವೆ. ಯುದ್ಧದಲ್ಲಿ ಸತ್ತವರನ್ನು ನೆನೆಯುವ ತಿಂಗಳು ನವೆಂಬರ್. ಅದು ಬಂತೆಂದರೆ ಅಲ್ಲಿನ ತಂಡಗಳ ಅಂಗಿಯ ಮೇಲೆ ಕೆಂಪು ಹೂವು ಅಚ್ಚಾಗಿಯೇ ಬರುತ್ತದೆ. ಈ ಪದ್ಧತಿ ಹಳೆಯದೇನಲ್ಲ, ಎಲ್ಲ ತಂಡಗಳಿಗೂ ಹರಡಿದ್ದು ಈ ಶತಮಾನದಲ್ಲೇ. ಸ್ಟೋಕ್‌ನ ಹನ್ನೊಂದು ಅಂಗಿಗಳಲ್ಲಿ ಒಂದರ ಮೇಲೆ ಮಾತ್ರ ಹೂವಿರಲಿಲ್ಲ. ಅದು ಜೇಮ್ಸ್ ಮೆಕ್ಲೀನ್ ಎಂಬ ಎಡಗಾಲಿನ ಆಟಗಾರನದು. ಪಂದ್ಯದುದ್ದಕ್ಕೂ ಜನ ಆತನನ್ನು ಬೈದರು, ವಸ್ತುಗಳನ್ನು ಎಸೆದರು. ಬೈದವರಲ್ಲಿ ಸ್ವಂತ ತಂಡದ ಅಭಿಮಾನಿಗಳೂ ಇದ್ದರು. ಸೋಮವಾರ ಕಚೇರಿಯಲ್ಲಿ ಎಲ್ಲರದೂ ಅದೇ ಮಾತು. ಆ ಪಂದ್ಯ ಗೋಲಿಲ್ಲದೆ ಮುಗಿದಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಏಕೆಂದರೆ ಅದನ್ನು ಯಾರೂ ಹೇಳಲೇ ಇಲ್ಲ.

ಯಾರೀತ ಎಂದು ಹುಡುಕಿ ಓದತೊಡಗಿದ್ದು ಆಗ. ಮೆಕ್ಲೀನ್ ಹುಟ್ಟಿದ್ದು 1989ರಲ್ಲಿ, ಬ್ರಿಟನ್ನಿನ ಆಳ್ವಿಕೆಯಲ್ಲಿರುವ ಉತ್ತರ ಐರ್ಲೆಂಡಿನ ಡೆರಿ ಎಂಬ ಊರಿನಲ್ಲಿ. ಬೆಳೆದದ್ದು ಅಲ್ಲಿನ ಕ್ರೆಗನ್ ಬಡಾವಣೆಯಲ್ಲಿ. 1972ರ ಜನವರಿ 30, ಭಾನುವಾರ, ಆ ಕ್ರೆಗನ್‌ನಿಂದ ಹೊರಟ ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಬ್ರಿಟಿಷ್ ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನವರು ಗುಂಡು ಹಾರಿಸಿದರು. ಅಂದೇ ಹದಿಮೂರು ಮಂದಿ ಸತ್ತರು, ಹದಿನಾಲ್ಕನೆಯವರು ಕೆಲವು ತಿಂಗಳ ನಂತರ. ಸತ್ತವರಲ್ಲಿ ಆರು ಹುಡುಗರಿಗೆ ಬರೀ ಹದಿನೇಳು ವರ್ಷ. ಮೊದಲ ವಿಚಾರಣೆ ಕೆಲವೇ ವಾರಗಳಲ್ಲಿ ಮುಗಿದು ಸೈನಿಕರ ಮೇಲಿನ ದೋಷವನ್ನು ಬಹುಪಾಲು ತೊಳೆದುಬಿಟ್ಟಿತು. ನಿಜವನ್ನು ಸರ್ಕಾರ ಒಪ್ಪಿಕೊಳ್ಳುವುದಕ್ಕೆ 2010ರ ಜೂನ್ ಬರಬೇಕಾಯಿತು. ಸಾವಿಲ್ ವಿಚಾರಣೆಯ ವರದಿ ಹೊರಬಂದ ದಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂಸತ್ತಿನಲ್ಲಿ ನಿಂತು, ಆ ಗೋಲಿಬಾರಿಗೆ ಯಾವ ಸಮರ್ಥನೆಯೂ ಇಲ್ಲ ಎಂದು ಕ್ಷಮೆ ಕೇಳಿದರು. ಮೂವತ್ತೆಂಟು ವರ್ಷ. ಅಷ್ಟು ಕಾಲ ಸತ್ತವರ ಮನೆಯವರು, ನಮ್ಮ ಹುಡುಗರು ಬಾಂಬು ಇಟ್ಟುಕೊಂಡಿರಲಿಲ್ಲ ಎಂದು ಊರೂರಿಗೆ ಹೇಳಿಕೊಂಡು ತಿರುಗಿದ್ದರು.

ಮರುವರ್ಷ, 2011ರಲ್ಲಿ, ಮೆಕ್ಲೀನ್ ಇಂಗ್ಲೆಂಡಿನ ಸಂಡರ್‌ಲೆಂಡ್ ತಂಡ ಸೇರಿದ. 2012ರ ನವೆಂಬರಿನಲ್ಲಿ ಮೊದಲ ಬಾರಿಗೆ ಹೂವಿಲ್ಲದ ಅಂಗಿ ತೊಟ್ಟು ಮೈದಾನಕ್ಕಿಳಿದ. ಕೊಲ್ಲುತ್ತೇವೆ ಎಂಬ ಬೆದರಿಕೆಗಳು ಬಂದವು. 2014ರಲ್ಲಿ ವಿಗನ್ ತಂಡದಲ್ಲಿದ್ದಾಗ ಆತ ತನ್ನ ಮಾಲೀಕ ಡೇವ್ ವೀಲನ್‌ಗೆ ಒಂದು ಬಹಿರಂಗ ಪತ್ರ ಬರೆದ. ಎರಡು ಮಹಾಯುದ್ಧಗಳಲ್ಲಿ ಸತ್ತವರ ಬಗ್ಗೆ ತನಗೆ ಪೂರ್ಣ ಗೌರವವಿದೆ, ಅವರಲ್ಲಿ ಐರಿಷ್ ಜನರೂ ಬಹಳವಿದ್ದರು. ಹೂವು ಅವರಿಗಷ್ಟೇ ಆಗಿದ್ದರೆ ದಿನವೂ ಹಾಕಿಕೊಳ್ಳುತ್ತಿದ್ದೆ. ಆದರೆ ಈ ಹೂವು 1945ರ ನಂತರದ ಎಲ್ಲ ಸೇನಾ ಕಾರ್ಯಾಚರಣೆಗಳಿಗೂ ಸೇರಿದ್ದು. ಕ್ರೆಗನ್‌ನವನಾದ ನಾನು ಅದನ್ನು ತೊಟ್ಟರೆ ನನ್ನ ಊರಿನಲ್ಲಿ ಅಮಾಯಕರಾಗಿ ಸತ್ತವರಿಗೆ ಅವಮಾನ ಮಾಡಿದಂತೆ. ಪತ್ರದ ತಿರುಳು ಇಷ್ಟು. ಬೈಗುಳವಿಲ್ಲ, ಘೋಷಣೆಯಿಲ್ಲ. ಊರಿನ ಹಿರಿಯರೊಬ್ಬರ ಮುಂದೆ ಟೋಪಿ ತೆಗೆದು ನಿಂತು ಹೇಳಿದ ಹಾಗಿದೆ.

ಪತ್ರ ಓದಿದವರು ಅರ್ಥಮಾಡಿಕೊಂಡಿರಬಹುದು. ಆದರೆ ನವೆಂಬರ್ ಪ್ರತಿವರ್ಷ ಬರುತ್ತದೆ, ಓದದವರು ಪ್ರತಿವರ್ಷ ಹೊಸದಾಗಿ ಹುಟ್ಟಿಕೊಳ್ಳುತ್ತಾರೆ. ವೆಸ್ಟ್ ಬ್ರಾಮ್, ಸ್ಟೋಕ್, ಮತ್ತೆ ವಿಗನ್, ರೆಕ್ಸಮ್ ಎಂದು ಆತ ಹೋದಲ್ಲೆಲ್ಲ ಅದೇ ಪ್ರಶ್ನೆ, ಅದೇ ಕೂಗು. ಒಮ್ಮೆ ಕೊಟ್ಟ ಉತ್ತರ ಸಾಲದು. ಪರೀಕ್ಷೆಯಲ್ಲಿ ಪಾಸಾದವನನ್ನು ಪ್ರತಿವರ್ಷ ಅದೇ ಪರೀಕ್ಷೆಗೆ ಕೂರಿಸಿದ ಹಾಗೆ.

ಮೆಕ್ಲೀನ್‌ನನ್ನು ದೇವರ ಪಟ್ಟಕ್ಕೆ ಏರಿಸುವ ಉದ್ದೇಶ ನನಗಿಲ್ಲ. ಸಿಟ್ಟಿನ ಮನುಷ್ಯ. ಸ್ಟೋಕ್‌ನ ಆ ಪಂದ್ಯದ ನಂತರ ಜಾಲತಾಣದಲ್ಲಿ ಆತ ಬರೆದ ಮಾತು ಒರಟಾಗಿತ್ತು, ಫುಟ್‌ಬಾಲ್ ಸಂಸ್ಥೆ ತನಿಖೆ ಮಾಡಿತು. 2020ರ ಲಾಕ್‌ಡೌನ್ ಕಾಲದಲ್ಲಿ ಮುಖಗವಸು ಹಾಕಿಕೊಂಡು ಮಕ್ಕಳ ಮುಂದೆ ಕೂತು, ಇತಿಹಾಸ ಪಾಠ ಎಂದು ಚಿತ್ರ ಹಾಕಿದ. ಉಗ್ರರನ್ನು ನೆನಪಿಸುವ ಮುಖಗವಸು ಅದು. ಕ್ಲಬ್ ಎರಡು ವಾರದ ಸಂಬಳ ಕತ್ತರಿಸಿತು, ಆತ ಕ್ಷಮೆ ಕೇಳಿದ. ಅದು ಕೆಟ್ಟ ತಮಾಷೆ, ಕ್ಷಮೆ ಕೇಳಬೇಕಾದದ್ದೇ. ಡೆರಿಯಿಂದ ಅಷ್ಟೇನೂ ದೂರವಿಲ್ಲದ ಎನಿಸ್ಕಿಲನ್‌ನಲ್ಲಿ 1987ರ ನವೆಂಬರ್ 8ರಂದು, ಸತ್ತ ಸೈನಿಕರನ್ನು ನೆನೆಯುವ ಭಾನುವಾರ, ಯುದ್ಧಸ್ಮಾರಕದ ಬಳಿ ಸೇರಿದ್ದ ಜನರ ಪಕ್ಕದಲ್ಲೇ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ ಸಂಘಟನೆ ಇಟ್ಟ ಬಾಂಬು ಸಿಡಿದು ಹನ್ನೊಂದು ಮಂದಿ ಸತ್ತರು. ಕೋಟಿನ ಮೇಲೆ ಹೂವು ಸಿಕ್ಕಿಸಿಕೊಂಡು ಹೊರಟವರು ಮನೆಗೆ ಮರಳಲಿಲ್ಲ. ಆ ಊರಿನವರಿಗೆ ಈ ಹೂವು ಎರಡು ಪಟ್ಟು ಕೆಂಪು. ಅವರ ಎದುರು ನಿಂತು ಹೂವಿನ ಬಗ್ಗೆ ಹಗುರವಾಗಿ ಮಾತಾಡುವ ಧೈರ್ಯ ನನಗಿಲ್ಲ.

ಒಂದೇ ಸೀಮೆಯ ಎರಡು ಊರುಗಳು, ಒಂದೇ ಹೂವು. ಎನಿಸ್ಕಿಲನ್‌ನವನು ಅದನ್ನು ತೊಡದೆ ಇರಲಾರ, ಕ್ರೆಗನ್‌ನವನು ತೊಡಲಾರ. ಇಬ್ಬರೂ ನೆನಪಿಟ್ಟುಕೊಂಡಿದ್ದಾರೆ. ಏನನ್ನೂ ನೆನಪಿಟ್ಟುಕೊಳ್ಳದೆ ಹೂವು ತೊಟ್ಟವನು ಲಿಫ್ಟಿನಲ್ಲಿದ್ದ ನಾನೊಬ್ಬನೇ.

ಸ್ಟೋಕ್ ಪಂದ್ಯದ ದಿನವೇ ಮ್ಯಾಂಚೆಸ್ಟರ್ ಯುನೈಟೆಡ್‌ನ ನೆಮಾನ್ಯ ಮಾಟಿಚ್ ಕೂಡ ಹೂವಿಲ್ಲದೆ ಆಡಿದ್ದ. ಆತ ಸರ್ಬಿಯಾದವನು. 1999ರಲ್ಲಿ ನೇಟೋ ಪಡೆಗಳು ಅವನ ದೇಶದ ಮೇಲೆ ಬಾಂಬು ಸುರಿದಾಗ ಆತ ಇನ್ನೂ ಪುಟ್ಟ ಹುಡುಗ, ವ್ರೇಲೊ ಎಂಬ ಹಳ್ಳಿಯಲ್ಲಿದ್ದ. ಆ ವಿಮಾನಗಳಲ್ಲಿ ಬ್ರಿಟನ್ನಿನವೂ ಇದ್ದವು. ಎರಡು ದಿನಗಳ ನಂತರ ಆತ ಬರೆದದ್ದು ಸರಳವಾಗಿತ್ತು: ಹೂವಿನ ಬೆಲೆ ನನಗೆ ಗೊತ್ತು, ಆದರೆ ಅದು ನನಗೆ ಹೆದರಿ ಕೂತ ಆ ಹುಡುಗನನ್ನು ನೆನಪಿಸುತ್ತದೆ. ಹಿಂದೆ ತೊಟ್ಟಿದ್ದೆ, ಯೋಚಿಸಿದ ಮೇಲೆ ಇನ್ನು ತೊಡಲಾರೆ. ಇಂಥದ್ದೊಂದು ಕ್ರೀಡೆಯ ಹೊರಗೂ ಆಗಿತ್ತು. 2010ರ ನವೆಂಬರಿನಲ್ಲಿ ಬ್ರಿಟಿಷ್ ಪ್ರಧಾನಿಯ ನಿಯೋಗ ಬೀಜಿಂಗಿಗೆ ಹೋದಾಗ ಚೀನಾದ ಅಧಿಕಾರಿಗಳು ಹೂವು ತೆಗೆಯಿರಿ ಎಂದು ಕೇಳಿದ್ದರು. ಅಫೀಮಿನ ಯುದ್ಧದಲ್ಲಿ ಸೋತ ದೇಶಕ್ಕೆ ಆ ಜಾತಿಯ ಹೂವಿನ ಅರ್ಥವೇ ಬೇರೆ. ನಿಯೋಗದವರು ತೆಗೆಯಲಿಲ್ಲ.

ಫಿಫಾ ನಡುವೆ ಬಂದು ಮಾಡಿದ್ದು ನಿಯಮದ ಕಸರತ್ತು. 2011ರಲ್ಲಿ ದೇಶದ ತಂಡದ ಅಂಗಿಯ ಮೇಲೆ ಹೂವು ಬೇಡ, ಅದು ರಾಜಕೀಯ ಚಿಹ್ನೆ ಎಂದು ಮೊದಲು ನಿರಾಕರಿಸಿ, ಪ್ರಧಾನಿ ಮತ್ತು ರಾಜಕುಮಾರ ಪತ್ರ ಬರೆದ ಮೇಲೆ ತೋಳಿನ ಕಪ್ಪು ಪಟ್ಟಿಯ ಮೇಲಿರಲಿ ಎಂದಿತು. 2016ರ ನವೆಂಬರ್ 11ರ ಇಂಗ್ಲೆಂಡ್-ಸ್ಕಾಟ್ಲೆಂಡ್ ಪಂದ್ಯದ ನಂತರ ಇಂಗ್ಲೆಂಡಿಗೆ 45,000 ಸ್ವಿಸ್ ಫ್ರಾಂಕ್, ಸ್ಕಾಟ್ಲೆಂಡಿಗೆ 20,000 ದಂಡ ಹಾಕಿತು. ಮರುವರ್ಷ ನಿಯಮವನ್ನೇ ಸಡಿಲಿಸಿತು. ಹೂವು ಹಾಕಲು ಬಿಡದ ಫಿಫಾದ ಮೇಲೆ ಇಡೀ ದೇಶ ಸಿಟ್ಟಾಯಿತು, ಸ್ವಾತಂತ್ರ್ಯದ ಮಾತಾಡಿತು. ಅದೇ ಸ್ವಾತಂತ್ರ್ಯವನ್ನು ಒಬ್ಬ ಆಟಗಾರ ಹೂವು ಹಾಕದಿರಲು ಬಳಸಿದಾಗ ಮಾತ್ರ ಮೈ ಉರಿಯಿತು.

ಆ ದೇಶದವರೇ ಇದನ್ನು ಕಂಡು ನಗುವುದೂ ಉಂಟು. 2015ರಲ್ಲಿ ಪ್ರಧಾನಿ ಕಚೇರಿಯವರು ಕ್ಯಾಮರಾನ್ ಅವರ ಒಂದು ಹಳೆಯ ಚಿತ್ರ ಹಾಕುವಾಗ ಎದೆಯ ಮೇಲೆ ಹೂವಿಲ್ಲದ್ದು ಕಂಡು ಕಂಪ್ಯೂಟರಿನಲ್ಲಿ ಹೂವು ಅಂಟಿಸಿದರು. ಜನ ಗುರುತಿಸಿ ಗೇಲಿ ಮಾಡಿದ ಮೇಲೆ ತೆಗೆದರು. ಚಾನೆಲ್ ಫೋರ್‌ನ ವಾರ್ತಾವಾಚಕ ಜಾನ್ ಸ್ನೋ ತೆರೆಯ ಮೇಲೆ ಹೂವು ಹಾಕಿಕೊಳ್ಳಲು ಒಪ್ಪದೆ, ಈ ಒತ್ತಾಯಕ್ಕೆ ಪಾಪಿ ಫ್ಯಾಸಿಸಂ ಎಂದು ಹೆಸರಿಟ್ಟದ್ದು 2006ರಷ್ಟು ಹಿಂದೆ. ಇನ್ನು, ಹೂವು ಮಾರುವ ಲೀಜನ್ ಸಂಸ್ಥೆಯೇ ಮೊದಲಿನಿಂದ ಹೇಳಿಕೊಂಡು ಬಂದಿದೆ: ಹಾಕುವುದು ಬಿಡುವುದು ಅವರವರ ಇಷ್ಟ, ಕಡ್ಡಾಯವಾದ ದಿನ ಹೂವಿಗೆ ಅರ್ಥವಿಲ್ಲ. ಗುಡಿಯ ಪೂಜಾರಿಗೆ ಇಲ್ಲದ ಮಡಿ ಬೀದಿಯವರಿಗೆ.

ಬ್ರಿಟಿಷರ ಮೇಲೆ ಇಷ್ಟು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ 2019ರ ಜೂನ್ 5ರಂದು ಅದೇ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ವಿಶ್ವಕಪ್ಪಿನ ನಮ್ಮ ಮೊದಲ ಪಂದ್ಯ, ದಕ್ಷಿಣ ಆಫ್ರಿಕಾದ ವಿರುದ್ಧ. ಧೋನಿಯ ಕೈಗವಸಿನ ಮೇಲೆ ಕಠಾರಿಯ ಗುರುತೊಂದನ್ನು ಯಾರೋ ಗಮನಿಸಿದರು. ನಮ್ಮ ಪ್ಯಾರಾ ವಿಶೇಷ ಪಡೆಯ ಬಲಿದಾನ ಚಿಹ್ನೆ. ಧೋನಿಗೆ ಪ್ಯಾರಾಚೂಟ್ ರೆಜಿಮೆಂಟಿನ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಇದೆ. ಐಸಿಸಿ ತೆಗೆಯಿರಿ ಎಂದಿತು, ದೇಶ ಕೆರಳಿತು. ನನ್ನ ಶಾಲಾ ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬೊಬ್ಬರ ಚಿತ್ರವೂ ಕೈಗವಸಾಗಿ ಬದಲಾಯಿತು. ನಿಯಮ ಎಲ್ಲರಿಗೂ ಒಂದೇ ಅಲ್ಲವೇ ಎಂದು ಒಬ್ಬ ಕೇಳಿದ. ಗಡಿಯಲ್ಲಿ ನಿಂತವರು ನಿನಗಾಗಿ ಸಾಯುತ್ತಿಲ್ಲವೇ ಎಂದು ಹತ್ತು ಮಂದಿ ತಿರುಗಿ ಕೇಳಿದರು. ಅವನು ಸಂಜೆ ಗುಂಪು ಬಿಟ್ಟು ಹೋದ. ನಾನು ಎಲ್ಲವನ್ನೂ ಓದಿದೆ, ಏನೂ ಬರೆಯಲಿಲ್ಲ. ಮುಂದಿನ ಪಂದ್ಯಕ್ಕೆ ಕೈಗವಸಿನ ಮೇಲೆ ಆ ಗುರುತಿರಲಿಲ್ಲ, ಗೆಳೆಯರ ಚಿತ್ರಗಳು ಮತ್ತೆ ಹೆಂಡತಿ ಮಕ್ಕಳಿಗೆ ತಿರುಗಿದವು.

ಅದೇ ವರ್ಷ ಮಾರ್ಚ್ 8ರಂದು ರಾಂಚಿಯಲ್ಲಿ, ಪುಲ್ವಾಮಾ ದಾಳಿಯಾಗಿ ಮೂರು ವಾರವಾಗಿತ್ತು, ನಮ್ಮ ತಂಡ ಸೇನೆಯ ಬಣ್ಣದ ಟೋಪಿ ತೊಟ್ಟು ಆಡಿತ್ತು. ಆಟಗಾರರು ಪಂದ್ಯದ ಸಂಭಾವನೆಯನ್ನು ರಾಷ್ಟ್ರೀಯ ರಕ್ಷಣಾ ನಿಧಿಗೆ ಕೊಟ್ಟರು. ಅದಕ್ಕೆ ಐಸಿಸಿಯ ಒಪ್ಪಿಗೆಯೂ ಇತ್ತು. ಅಂದು ಟಿವಿಯಲ್ಲಿ ನೋಡಿ ನನ್ನ ಗಂಟಲೂ ಕಟ್ಟಿತ್ತು, ಸುಳ್ಳೇಕೆ ಹೇಳಲಿ. ಮೆಕ್ಲೀನ್‌ನ ಪತ್ರವನ್ನು ಮತ್ತೆ ಓದುವಾಗ ಮಾತ್ರ ಒಂದು ಯೋಚನೆ ಬಂದು ಬಿಡದೆ ಕಾಡಿತು. ಆ ಹನ್ನೊಂದರಲ್ಲಿ ಒಬ್ಬ, ನಿಧಿಗೆ ದುಡ್ಡು ಕೊಡುತ್ತೇನೆ, ಟೋಪಿ ಬೇಡ ಎಂದಿದ್ದರೆ? ಕಾರಣ ಏನಾದರೂ ಇರಲಿ, ಕಾರಣವನ್ನು ಹೇಳದೆಯೂ ಇರಲಿ. ನಾವು ಆತನನ್ನು ಏನು ಮಾಡುತ್ತಿದ್ದೆವು? ಆತನ ಹೆಸರು ಯಾವುದು ಎಂಬುದರ ಮೇಲೆ ನಮ್ಮ ಸಿಟ್ಟಿನ ಕಾವು ನಿಂತಿರುತ್ತಿತ್ತು ಎಂಬುದೂ ನನಗೆ ಗೊತ್ತಿದೆ.

ಇನ್ನೂ ಒಂದು ಗೊತ್ತಿದೆ. ಲಿಫ್ಟಿನಲ್ಲಿ ನನ್ನ ಕೋಟಿನ ಮೇಲೆ ನಿಂತ ಆ ನೋಟ ನನಗೆ ಅಷ್ಟು ಬೇಗ ಅರ್ಥವಾದದ್ದಕ್ಕೆ ಕಾರಣ, ಅದು ಒಂದು ಕಾಲದಲ್ಲಿ ನನ್ನದೇ ನೋಟವಾಗಿತ್ತು.

ತಿಪಟೂರಿನ ಹತ್ತಿರದ ನಮ್ಮೂರ ಶಾಲೆ, ಆರನೆಯ ತರಗತಿ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದದ್ದು. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಕಾಗದದ ಬಾವುಟ, ಮೂರು ಪಡೆಗಳಿಗೆ ಮೂರು ಬಣ್ಣ. ಬಾವುಟಕ್ಕೆ ಒಂದು ರೂಪಾಯಿ, ದುಡ್ಡು ಮಾಜಿ ಸೈನಿಕರ ಮತ್ತು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರ ನೆರವಿಗೆ. ನಾನು ತರಗತಿಯ ಲೀಡರ್. ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ನನ್ನ ಅಧಿಕಾರ. ಆ ವಾರ ಮೇಷ್ಟ್ರು ಹೊಸ ತಲೆಬರಹ ಕೊಟ್ಟರು: ದುಡ್ಡು ತರದವರು. ಮೊದಲ ದಿನ ಇಪ್ಪತ್ತು ಹೆಸರು. ಎರಡನೆಯ ದಿನ ಏಳು. ಮೂರನೆಯ ದಿನದಿಂದ ಒಂದೇ. ಅವನ ತಾಯಿ ಕೊಬ್ಬರಿ ಮಂಡಿಯಲ್ಲಿ ಕೂಲಿಗೆ ಹೋಗುತ್ತಿದ್ದರು. ಬೆಳಿಗ್ಗೆ ಬೋರ್ಡು ಒರೆಸಿದ ಕೂಡಲೇ ನಾನು ಅವನ ಹೆಸರನ್ನು ಮತ್ತೆ ಬರೆಯುತ್ತಿದ್ದೆ, ದುಂಡಗೆ. ನನ್ನ ಅಕ್ಷರ ಚೆನ್ನಾಗಿತ್ತು.

ಐದನೆಯ ದಿನ ಮೇಷ್ಟ್ರೇ ಜೇಬಿನಿಂದ ರೂಪಾಯಿ ತೆಗೆದು ಡಬ್ಬಿಗೆ ಹಾಕಿ, ತಗೋಳಪ್ಪ ಎಂದು ಅವನಿಗೆ ಬಾವುಟ ಕೊಟ್ಟರು. ಅವನು ಅದನ್ನು ಅಂಗಿಗೆ ಸಿಕ್ಕಿಸಿಕೊಳ್ಳಲಿಲ್ಲ. ಕಂಪಾಸ್ ಪೆಟ್ಟಿಗೆ ತೆರೆದು, ಕೋನಮಾಪಕದ ಕೆಳಗೆ ಇಟ್ಟು, ಮುಚ್ಚಳ ಹಾಕಿದ. ನಾನು ಎದ್ದು ನಿಂತು ಹೇಳಿದೆ: "ಸಾರ್, ಇವನು ಹಾಕಿಕೊಂಡಿಲ್ಲ."

ಮೇಷ್ಟ್ರು ನನ್ನನ್ನು ನೋಡಿದರು, ಕೂತುಕೋ ಎಂದರು, ಪಾಠ ಶುರುಮಾಡಿದರು.

ನಮ್ಮವರಿಗೂ ಈ ಕೆಂಪು ಹೂವಿನಲ್ಲಿ ಪಾಲಿದೆ ಎಂಬುದನ್ನು ನಾನು ಓದಿಕೊಂಡದ್ದು ಆ ಚಳಿಗಾಲದಲ್ಲೇ. ಮೊದಲ ಮಹಾಯುದ್ಧದಲ್ಲಿ ಭಾರತದ ಸುಮಾರು 74,000 ಸೈನಿಕರು ಸತ್ತರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಸವಾರರಲ್ಲಿ ಜೋಧಪುರದವರ ಜೊತೆ ಮೈಸೂರಿನವರಿದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರು ಸಂಸ್ಥಾನದ ಸವಾರನದು. ನೂರು ವರ್ಷ ತುಂಬಿದ ಆ 2018ರಲ್ಲಿ ಲೀಜನ್ನಿನವರು ಭಾರತದ ಸೈನಿಕರ ನೆನಪಿಗೆಂದು ಖಾದಿ ಬಟ್ಟೆಯ ಹೂವನ್ನೂ ತಂದಿದ್ದರು. ಹಾಗಾಗಿ ಮುಂದಿನ ನವೆಂಬರಿನಲ್ಲಿ ಹೂವು ಹಾಕಿಕೊಳ್ಳಲು ನನ್ನ ಬಳಿ ಗಟ್ಟಿ ಕಾರಣವಿತ್ತು. ಮೈಸೂರಿನ ಸವಾರನಿಗಾಗಿ ಹಾಕಿಕೊಂಡೆ ಎಂದು ಇಲ್ಲಿ ಬರೆದಿದ್ದರೆ ಓದಲು ಚೆನ್ನಾಗಿರುತ್ತಿತ್ತು.

ಮೆಕ್ಲೀನ್ ಕೊನೆಗೆ ತನ್ನೂರಿನ ಡೆರಿ ಸಿಟಿ ತಂಡಕ್ಕೆ ಮರಳಿದ. ಆ ತಂಡ ಇರುವುದು ಬ್ರಿಟನ್ನಿನ ಆಳ್ವಿಕೆಯ ನೆಲದಲ್ಲಿ, ಆಡುವುದು 1985ರಿಂದಲೂ ಗಡಿಯಾಚೆಯ ಐರ್ಲೆಂಡಿನ ಲೀಗಿನಲ್ಲಿ. ಅಲ್ಲಿ ನವೆಂಬರಿನಲ್ಲಿ ಅಂಗಿಯ ಮೇಲೆ ಹೂವಿಲ್ಲ. ವರ್ಷಗಟ್ಟಲೆ ಬೇರೆಯವರ ಊರುಗಳಲ್ಲಿ ನವೆಂಬರ್ ಕಳೆದವನು ತನ್ನೂರಿನ ಬ್ರಾಂಡಿವೆಲ್ ಮೈದಾನದಲ್ಲಿ ಏನೂ ಹೇಳಬೇಕಾಗಿಲ್ಲದೆ ಓಡಾಡುವುದನ್ನು ಊಹಿಸಿಕೊಳ್ಳುತ್ತೇನೆ.

ಮತ್ತೆ ನನ್ನ 2019ರ ನವೆಂಬರ್. ಅದೇ ಮೇಜು, ಅದೇ ಪೆಟ್ಟಿಗೆ. ಈ ಸಲ ನಿರ್ಧಾರ ಮಾಡಿಯೇ ಹೋಗಿದ್ದೆ. ಡಬ್ಬಿಗೆ ಎರಡು ಪೌಂಡ್ ಹಾಕಿದೆ, ಹೂವು ತೆಗೆದುಕೊಳ್ಳಲಿಲ್ಲ, ಲಿಫ್ಟಿನ ಕಡೆ ನಡೆದೆ. ಹಿಂದಿನಿಂದ ಸ್ವಾಗತದ ಹುಡುಗಿ, ನಿಮ್ಮ ಹೂವು ಮರೆತಿರಿ ಎಂದು ಕರೆದಳು. ನಗುತ್ತಲೇ ಕರೆದಳು, ಕೈಯಲ್ಲಿ ಹೂವು ಹಿಡಿದು. ಲಿಫ್ಟಿಗಾಗಿ ನಿಂತಿದ್ದ ನಾಲ್ಕು ಮಂದಿ ತಿರುಗಿ ನೋಡಿದರು. ನಾನು ವಾಪಸು ಹೋಗಿ, ಥ್ಯಾಂಕ್ಸ್ ಹೇಳಿ, ಹೂವು ತೆಗೆದುಕೊಂಡು ಕೋಟಿಗೆ ಸಿಕ್ಕಿಸಿಕೊಂಡೆ.